ಮನೆಯ ಲೋಡ್ ನೋಡಿಕೊಂಡು ಕಾರು ಚಾರ್ಜ್ ಆಗಬೇಕಾದರೆ

ಮನೆಯ ಲೋಡ್ ನೋಡಿಕೊಂಡು ಎಲೆಕ್ಟ್ರಿಕ್ ಕಾರಿಗೆ ಕೊಡುವ ಕರೆಂಟ್ ಏರಿಸಿ ಇಳಿಸುವ ಸ್ಮಾರ್ಟ್ ಚಾರ್ಜರ್ ಹಾಕಿಸಿದವರು ನನಗೆ ಫೋನ್ ಮಾಡಿದರೆ ದೂರು ಸಾಮಾನ್ಯವಾಗಿ ಎರಡೇ. ಗೀಸರ್ ಹಾಕಿದರೆ ಮೇನ್ ಟ್ರಿಪ್ ಆಗುತ್ತದೆ ಅನ್ನುವುದು ಒಂದು. ಬೆಳಗಾದರೂ ಕಾರಿನ ಬ್ಯಾಟರಿ ಅರ್ಧವೇ ತುಂಬಿರುತ್ತದೆ ಅನ್ನುವುದು ಇನ್ನೊಂದು. ವಯರಿಂಗ್ ಕೆಲಸದವನಾಗಿ ನಾನು ಮೊದಲು ಚಾರ್ಜರ್ ಮುಟ್ಟುವುದೇ ಇಲ್ಲ, ಮೀಟರ್ ಬಾಕ್ಸ್ ತೆರೆಯುತ್ತೇನೆ.

ನಾವು ಚಾರ್ಜರ್ ಅನ್ನುವ ಗೋಡೆಯ ಮೇಲಿನ ಡಬ್ಬಿಯ ಕೆಲಸ ಚಿಕ್ಕದು. ಎಸಿಯನ್ನು ಡಿಸಿ ಮಾಡುವ ನಿಜವಾದ ಚಾರ್ಜರ್ ಕಾರಿನೊಳಗೇ ಇದೆ. ಡಬ್ಬಿಯು ಕೇಬಲ್‌ನ ಪೈಲಟ್ ವಯರ್ ಮೂಲಕ "ಈಗ ಇಷ್ಟೇ ಆಂಪ್ಸ್ ತಗೋ" ಅನ್ನುತ್ತದೆ. ಕಾರು ಕೆಲವೇ ಸೆಕೆಂಡಿನಲ್ಲಿ ಅದಕ್ಕೆ ತಕ್ಕಂತೆ ಇಳಿಯುತ್ತದೆ. ಈ ಮಾತಿನಲ್ಲಿ ಅತಿ ಕಡಿಮೆ ಅಂದರೆ 6 ಆಂಪ್ಸ್. ಅಷ್ಟೂ ಉಳಿದಿಲ್ಲವಾದರೆ ಚಾರ್ಜಿಂಗ್ ನಿಲ್ಲಿಸಲೇಬೇಕು.

ಈಗ ಸೆನ್ಸರ್, ಅಂದರೆ ವಯರ್ ಸುತ್ತ ಕಚ್ಚಿಕೊಂಡು ಅದರಲ್ಲಿ ಎಷ್ಟು ಕರೆಂಟ್ ಹೋಗುತ್ತಿದೆ ಅಂತ ಅಳೆದು ಚಾರ್ಜರ್‌ಗೆ ಹೇಳುವ ಸಿಟಿ ಕ್ಲ್ಯಾಂಪ್. ಮೇನ್ ಆಫ್ ಮಾಡಿದರೂ ಮೀಟರ್ ಕಡೆಯ ವಯರ್‌ನಲ್ಲಿ ಕರೆಂಟ್ ಇದ್ದೇ ಇರುತ್ತದೆ, ಹಾಗಾಗಿ ಇದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಹಾಕಿಸಿ. ನೀವು ಪಕ್ಕದಲ್ಲಿ ನಿಂತು ನೋಡಿ. ಮನೆಯ ಪೂರ್ತಿ ಲೋಡ್ ಹಾದುಹೋಗುವ ಫೇಸ್ ವಯರ್ ಮಾತ್ರ ಕ್ಲ್ಯಾಂಪ್‌ನೊಳಗೆ ಇರಬೇಕು. ನ್ಯೂಟ್ರಲ್ಲೂ ಜೊತೆಗೆ ಸೇರಿದರೆ ಎರಡೂ ಒಂದನ್ನೊಂದು ಹೊಡೆದುಹಾಕಿ ರೀಡಿಂಗ್ ಸೊನ್ನೆ ಬರುತ್ತದೆ. ಮನೆಯಲ್ಲಿ ಏನೂ ಓಡುತ್ತಿಲ್ಲ ಅಂದುಕೊಂಡು ಚಾರ್ಜರ್ ಪೂರ್ತಿ ಎಳೆಯುತ್ತದೆ, ಗೀಸರ್ ಹಾಕಿದರೆ ಮೇನ್ ಬೀಳದೆ ಏನು ಮಾಡುತ್ತದೆ? ಮೂರು ಫೇಸ್ ಇದ್ದರೆ ಒಂದನೇ ಫೇಸಿನ ಕ್ಲ್ಯಾಂಪ್ ಚಾರ್ಜರ್‌ನ ಒಂದನೇ ಫೇಸಿಗೇ ಹೊಂದಬೇಕು. ಕ್ಲ್ಯಾಂಪ್ ಮೇಲಿನ ಬಾಣದ ದಿಕ್ಕು ಸೋಲಾರ್ ಇರುವ ಮನೆಯಲ್ಲಿ ತುಂಬಾ ಮುಖ್ಯ. ತಿರುಗುಮುರುಗಾದರೆ ಹೊರಗೆ ಹೋಗುವ ಕರೆಂಟ್ ಒಳಗೆ ಬಂದಂತೆ ಕಾಣುತ್ತದೆ.

ಮನೆ, ಕಾರು ಸೇರಿ ಎಷ್ಟು ಆಂಪ್ಸ್ ದಾಟಬಾರದು ಅನ್ನುವ ಮಿತಿಯನ್ನು ಚಾರ್ಜರ್‌ನಲ್ಲಿ ಹಾಕುವಾಗ ಎಂಸಿಬಿ (ಟ್ರಿಪ್ ಆಗುವ ಮೇನ್ ಸ್ವಿಚ್) ಮೇಲಿನ ಅಂಕೆಯನ್ನೇ ಹಾಕಬೇಡಿ. ಚಾರ್ಜಿಂಗ್ ಗಂಟೆಗಟ್ಟಲೆ ನಡೆಯುತ್ತದೆ, ಬಿಸಿ ಏರುತ್ತದೆ. 40 ಆಂಪ್ಸ್ ಮೇನ್ ಇದ್ದರೆ ನಾನು 36 ಹಾಕುತ್ತೇನೆ. ಮನೆ 12 ತಗೊಂಡರೆ ಕಾರಿಗೆ 24. 2 ಕಿಲೋವಾಟ್ ಗೀಸರ್ ಆನ್ ಆದರೆ 230 ವೋಲ್ಟ್‌ನಲ್ಲಿ ಇನ್ನೂ 9 ಆಂಪ್ಸ್ ಹೋಯಿತು, ಕಾರಿಗೆ 15. ಇಳಿಯಲು ಕೆಲವು ಸೆಕೆಂಡ್ ತಡವಾಗುತ್ತದಲ್ಲ ಅಂತ ಹೆದರಬೇಡಿ. ಸ್ವಲ್ಪ ಓವರ್‌ಲೋಡ್ ಆದ ಕೂಡಲೇ ಎಂಸಿಬಿ ಬೀಳುವುದಿಲ್ಲ. ವಿದ್ಯುತ್ ಕಂಪನಿ ಮಂಜೂರು ಮಾಡಿದ ಲೋಡ್ ಇದಕ್ಕಿಂತ ಕಡಿಮೆಯಿದ್ದರೆ ಅದೇ ನಿಮ್ಮ ಮಿತಿ.

ಸೆನ್ಸರ್ ಸಂಪರ್ಕ ಕಡಿದರೆ ಏನಾಗಬೇಕು ಅನ್ನುವ ಸೆಟ್ಟಿಂಗ್ ಬಹುತೇಕ ಎಲ್ಲದರಲ್ಲೂ ಇರುತ್ತದೆ. 6 ಆಂಪ್ಸ್ ಇಡಿ, ಇಲ್ಲವೇ ನಿಲ್ಲುವಂತೆ ಮಾಡಿ. ಅರ್ಧ ತುಂಬಿದ ಕಾರಿನ ಗುಟ್ಟೂ ಹೆಚ್ಚಾಗಿ ಇಲ್ಲೇ ಸಿಗುತ್ತದೆ. ಸೆನ್ಸರ್ ವಯರ್ ಸಡಿಲವಾಗಿ ರಾತ್ರಿಯಿಡೀ 6 ಆಂಪ್ಸ್‌ನಲ್ಲೇ ನಡೆದಿರುತ್ತದೆ. ಸಿಂಗಲ್ ಫೇಸ್‌ನಲ್ಲಿ ಅದು ಸುಮಾರು 1.4 ಕಿಲೋವಾಟ್, 8 ಗಂಟೆಗೆ 11 ಯೂನಿಟ್ ಅಷ್ಟೇ. ಅದರಲ್ಲೂ ಕಾರಿನ ಸ್ವಂತ ಖರ್ಚಿಗೆ ಹೋಗುವ ಪಾಲು ಕಡಿಮೆ ಆಂಪ್ಸ್‌ನಲ್ಲಿ ಜಾಸ್ತಿ.

ಸೋಲಾರ್‌ನಲ್ಲಿ ಮಿಕ್ಕಿದ್ದನ್ನು ಮಾತ್ರ ಕಾರಿಗೆ ಕೊಡುವ ಮೋಡ್‌ಗೂ ಇದೇ 1.4 ಲೆಕ್ಕ. ನಾನು ಶುರುವಾಗುವ ಮಟ್ಟವನ್ನು 1.6ಕ್ಕೆ ಇಡುತ್ತೇನೆ, ನಿಲ್ಲುವ ಮೊದಲು ಕೆಲವು ನಿಮಿಷ ಕಾಯುವಂತೆ ಹೇಳುತ್ತೇನೆ. ಇಲ್ಲದಿದ್ದರೆ ಮೋಡ ಬಂದಾಗಲೆಲ್ಲ ಚಾರ್ಜರ್ ಒಳಗಿನ ಕಾಂಟ್ಯಾಕ್ಟರ್, ಅಂದರೆ ಕರೆಂಟ್ ಹಚ್ಚಿ ಆರಿಸುವ ಸ್ವಿಚ್, ಟಕ್ ಟಕ್ ಅನ್ನುತ್ತಲೇ ಇರುತ್ತದೆ. ಮೂರು ಫೇಸ್ ಚಾರ್ಜರ್‌ಗೆ ಕನಿಷ್ಠವೇ 4.1 ಕಿಲೋವಾಟ್ ಬೇಕು, ಚಿಕ್ಕ ಪ್ಯಾನೆಲ್‌ನವರು ಒಂದು ಫೇಸಿಗೆ ಬದಲಾಗುವ ಚಾರ್ಜರ್ ನೋಡಿ.

ಎಲ್ಲ ಆದಮೇಲೆ ಆ್ಯಪ್ ನಂಬಿ ಎದ್ದುಹೋಗಬೇಡಿ. ಬ್ಯಾಟರಿ ಖಾಲಿಯಿರುವಾಗ ಕಾರು ಹಚ್ಚಿ, ಗೀಸರ್, ಇಸ್ತ್ರಿಪೆಟ್ಟಿಗೆ, ಒಲೆ ಒಂದೊಂದಾಗಿ ಆನ್ ಮಾಡಿ. ಎಲೆಕ್ಟ್ರಿಷಿಯನ್ ತನ್ನ ಕ್ಲ್ಯಾಂಪ್ ಮೀಟರ್‌ನಲ್ಲಿ ಮೇನ್ ವಯರ್ ಅಳೆಯಲಿ, ಆ್ಯಪ್‌ನ ಅಂಕೆಗೆ ಹತ್ತಿರ ಬರಬೇಕು. ಆಮೇಲೆ ಚಾರ್ಜರ್ ಕಡೆಯ ಸೆನ್ಸರ್ ಪ್ಲಗ್ ಕಿತ್ತು ನೋಡಲಿ. ನೀವು ಇಟ್ಟ ಸೆಟ್ಟಿಂಗ್‌ನಂತೆ ಕಾರು 6ಕ್ಕೆ ಇಳಿಯದಿದ್ದರೆ ಅಥವಾ ನಿಲ್ಲದಿದ್ದರೆ ಅವರಿಗೆ ದುಡ್ಡು ಕೊಡಬೇಡಿ.