ಒಂದು ಗ್ರಾಂ ಬೆಳ್ಳಿ: ಗ್ರೀಕ್ ದ್ವೀಪಗಳ ಚಿಲ್ಲರೆ ನಾಣ್ಯ ತೂಗುವುದು, ತೊಳೆಯುವುದು

ಹಳೆಯ ಗ್ರೀಕರ ಚಿಕ್ಕ ಬೆಳ್ಳಿ ನಾಣ್ಯ ಒಬೋಲ್. ಈಜೀನಾ ದ್ವೀಪದ ಅರ್ಧ ಒಬೋಲ್ ತೂಗುವುದು ಸುಮಾರು ಅರ್ಧ ಗ್ರಾಂ, ಅಂದರೆ ನಾಲ್ಕು ಗುಲಗಂಜಿಯಷ್ಟು. ಮೇಲಿನ ಆಮೆ ಸವೆದು ಗುಬುಟು ಮಾತ್ರ ಉಳಿದಿದ್ದರೆ ಅದರ ಬೆಲೆವರ್ಗ ಹೇಳುವುದು ತೂಕವೇ. ಅಲ್ಲಿನ ದೊಡ್ಡ ಬೆಳ್ಳಿ ನಾಣ್ಯ ಸ್ಟೇಟರ್ ಸುಮಾರು 12.2 ಗ್ರಾಂ, ಅದರ ಹನ್ನೆರಡನೇ ಒಂದು ಪಾಲು ಒಬೋಲ್. ಅಥೆನ್ಸಿನ ಒಬೋಲ್ 0.72 ಗ್ರಾಂ ಮಾತ್ರ. ಹಾಗಾಗಿ ನಾನು ಭೂತಗನ್ನಡಿಗಿಂತ ಮೊದಲು ತಕ್ಕಡಿ ತೆಗೆಯುತ್ತೇನೆ.

ತೂಕಕ್ಕೆ 0.01 ಗ್ರಾಂ ತೋರಿಸುವ ತಕ್ಕಡಿ ನಡೆಯುತ್ತದೆ, ಬೆಳ್ಳಿ ಒಳ್ಳೆಯದೋ ಕಲಬೆರಕೆಯೋ ಎಂದು ಹೇಳುವ ಸಾಂದ್ರತೆಗೆ ಸಾಲದು. ಥಾಸೋಸ್‌ನ ಒಂದೂವರೆ ಒಬೋಲ್ ತೆಗೆದುಕೊಳ್ಳಿ: ಒಂದು ಕಡೆ ಪಾನಪಾತ್ರೆ ಹಿಡಿದು ಮಂಡಿಯೂರಿದ ಸ್ಯಾಟಿರ್ (ಗ್ರೀಕ್ ಪುರಾಣದ ಅರೆಮನುಷ್ಯ, ಅರೆಪ್ರಾಣಿ), ಇನ್ನೊಂದು ಕಡೆ ಎರಡು ಹಿಡಿಯ ಹೂಜಿ. ತೂಕ 0.90 ಗ್ರಾಂ ಅನ್ನೋಣ. ಡಿಸ್ಟಿಲ್ಡ್ ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ನಾಣ್ಯವನ್ನು ತೆಳು ನೈಲಾನ್ ಎಳೆಯಲ್ಲಿ ತಳ ಮುಟ್ಟದಂತೆ ಮುಳುಗಿಸುತ್ತೇನೆ. ಒಳ್ಳೆ ಬೆಳ್ಳಿಯಾದರೆ 0.086 ಬರಬೇಕು, 0.90ನ್ನು ಅದರಿಂದ ಭಾಗಿಸಿದರೆ ಸಾಂದ್ರತೆ 10.47. ಇಡೀ ತಾಮ್ರವಾಗಿದ್ದರೆ 0.100 ಬರುತ್ತಿತ್ತು. ಒರಟು ತಕ್ಕಡಿ 0.08 ಅಥವಾ 0.09 ತೋರಿಸುತ್ತದೆ; ಸಾಂದ್ರತೆ 11.25 ಆದರೂ ಆಯಿತು, 10 ಆದರೂ ಆಯಿತು! 0.001 ಗ್ರಾಮಿನದೇ ಬೇಕು. ಅಂಚಿಗೆ ಗಾಳಿಗುಳ್ಳೆ ಅಂಟಿದರೂ ಅಸಲಿ ನಾಣ್ಯ ಕಲಬೆರಕೆಯಂತೆ ಕಾಣುತ್ತದೆ, ಅದಕ್ಕೇ ನೀರಿಗೆ ಒಂದು ಹನಿ ಪಾತ್ರೆ ಸೋಪು. ಲೆಕ್ಕ ಸರಿ ಬಂದ ಮಾತ್ರಕ್ಕೆ ನಾಣ್ಯ ಹಳೆಯದಲ್ಲ. ನಕಲಿಯನ್ನೂ ಒಳ್ಳೆ ಬೆಳ್ಳಿಯಲ್ಲೇ ಮಾಡುತ್ತಾರೆ.

ಬೂದು-ನೇರಳೆ ಬಣ್ಣದ, ಮೇಣದಂಥ ಹೊರಪದರ ಸಿಲ್ವರ್ ಕ್ಲೋರೈಡ್. ಇದರ ಸಾಂದ್ರತೆ ಸುಮಾರು 5.5, ಆದ್ದರಿಂದ ಇದಿದ್ದಾಗ ಮೇಲಿನ ಲೆಕ್ಕ ನಂಬಬೇಡಿ. ಮನೆಯ ಬೆಳ್ಳಿ ದೀಪಕ್ಕೆ ಹಾಕುವ ವಿಭೂತಿ, ಹುಣಸೆಹಣ್ಣು ಇಲ್ಲಿ ಬೇಡವೇ ಬೇಡ. 100 ಮಿಲೀ ಡಿಸ್ಟಿಲ್ಡ್ ನೀರಿಗೆ 10 ಗ್ರಾಂ ಹೈಪೋ (ಫೋಟೋ ತೊಳೆಯುವ ಸೋಡಿಯಂ ಥಯೋಸಲ್ಫೇಟ್) ಕರಗಿಸಿ ನಾಣ್ಯ ಅದ್ದುತ್ತೇನೆ. ಐದೈದು ನಿಮಿಷಕ್ಕೆ ಹೊರತೆಗೆದು ಭೂತಗನ್ನಡಿಯಲ್ಲಿ ನೋಡಬೇಕು. ಕೆಲವೊಮ್ಮೆ ಸ್ಯಾಟಿರ್‌ನ ಮುಖ ಉಳಿದಿರುವುದೇ ಆ ಪದರದಲ್ಲಿ. ಅದು ಕರಗಿದರೆ ಮುಖವೂ ಹೋಯಿತು. ಅಂಥದ್ದನ್ನು ನಾನು ಹಾಗೇ ಬಿಡುತ್ತೇನೆ. ಆಮೇಲೆ ಡಿಸ್ಟಿಲ್ಡ್ ನೀರನ್ನು ಐದಾರು ಬಾರಿ ಬದಲಿಸಿ ನೆನೆಸಿಡಿ, ಹೈಪೋ ಉಳಿದರೆ ಬೆಳ್ಳಿ ಕಪ್ಪಾಗುತ್ತದೆ. ನೆಲದಲ್ಲಿ ಶತಮಾನಗಟ್ಟಲೆ ಇದ್ದ ಬೆಳ್ಳಿ ಒಳಗೇ ಹರಳುಗಟ್ಟಿ ಬಿಸ್ಕತ್ತಿನಂತಾಗಿರಬಹುದು. ಬ್ರಷ್ ಒತ್ತಬೇಡಿ, ಅಲ್ಟ್ರಾಸೋನಿಕ್ ಯಂತ್ರಕ್ಕಂತೂ ಹಾಕಲೇಬೇಡಿ.

ರೋಡ್ಸ್ ದ್ವೀಪದ ಡ್ರಾಕ್ಮಾ (ಆರು ಒಬೋಲಿನ ನಾಣ್ಯ) ಗುರುತಿಸಲು ಇದಕ್ಕಿಂತ ಸುಲಭ: ಸೂರ್ಯದೇವ ಹೀಲಿಯೋಸ್, ಹಿಂದೆ ಗುಲಾಬಿ. ಗ್ರೀಕರ 'ರೋ' ಅಕ್ಷರ ಇಂಗ್ಲಿಷಿನ 'ಪಿ' ಥರ ಕಾಣುವುದರಿಂದ ನಾಣ್ಯದ ಮೇಲಿರುವ ಊರಿನ ಹೆಸರಿನ ಮೊದಲ ಅಕ್ಷರಗಳನ್ನು 'ಪೋ' ಎಂದು ಓದಿಬಿಡುವುದುಂಟು.

ಒಣಗಿದ ಮೇಲೆ ಪಿವಿಸಿ ಕವರಿಗೆ ಹಾಕಬೇಡಿ, ಹಸಿರು ಅಂಟು ಹಿಡಿಯುತ್ತದೆ. ಪಾಲಿಯೆಸ್ಟರ್ ಕವರ್ ಸಾಕು, ಜೊತೆಗೆ ತೊಳೆಯುವ ಮುಂಚಿನ ಮತ್ತು ನಂತರದ ತೂಕ ಬರೆದ ಚೀಟಿ.