ನಕ್ಕು ನಕ್ಕು ಹೊಟ್ಟೆ ಹುಣ್ಣಾಯ್ತು: ಈ ಮಾತನ್ನು ಬಳಸುವುದು ಹೇಗೆ?

ಕೊಡಗಿನ ನಾಪೋಕ್ಲು ಕಡೆಯ ಶಾಲೆಯೊಂದರಲ್ಲಿ ನಾನು ಕನ್ನಡ ಕಲಿಸುತ್ತೇನೆ. ನನ್ನ ತರಗತಿಯ ಮಕ್ಕಳು ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ ಮಾತಾಡುವವರು. ಕನ್ನಡವೂ ಚೆನ್ನಾಗಿಯೇ ಬರುತ್ತದೆ. ತಡವರಿಸುವುದು ನುಡಿಗಟ್ಟು ಬಂದಾಗ.

ಮಳೆಗಾಲದಲ್ಲಿ ಕೆಸರು ಗದ್ದೆ ಓಟ ನೋಡಿಬಂದ ಹುಡುಗನೊಬ್ಬ ಹೀಗೆ ಬರೆದಿದ್ದ: ‘ಮಾವ ಓಡುವಾಗ ಜಾರಿ ಬಿದ್ದರು. ನನ್ನ ಹೊಟ್ಟೆಯಲ್ಲಿ ಹುಣ್ಣಾಯಿತು.’

ಓದಿ ನನಗೆ ಗಾಬರಿಯೇ ಆಯಿತು. ‘ಹೊಟ್ಟೆಯಲ್ಲಿ ಹುಣ್ಣು’ ಅಂದರೆ ಡಾಕ್ಟರ ಹತ್ತಿರ ಹೋಗಬೇಕಾದ ಕಾಯಿಲೆ ಅಲ್ವಾ? ನಗುವಿಗಾದರೆ ಬರೀ ‘ಹೊಟ್ಟೆ ಹುಣ್ಣಾಯ್ತು’. ಆ ‘ಯಲ್ಲಿ’ ಬರಬಾರದು. ಹಿಂದೆ ‘ನಕ್ಕು ನಕ್ಕು’ ಇರಲಿ, ಅದೂ ಎರಡು ಸಲ. ನಗು ತಡೆಯಲಾಗದೆ ಉಕ್ಕಿ ಬಂತು ಅನ್ನುವುದು ಎರಡನೇ ‘ನಕ್ಕು’ವಿನಿಂದಲೇ ತಿಳಿಯುವುದು.

ಈ ಮಾತು ಸುಮ್ನೆ ಹುಟ್ಟಿದ್ದಲ್ಲ. ಜೋರಾಗಿ ನಗುವಾಗ ಹೊಟ್ಟೆಯ ಸ್ನಾಯುಗಳು ಮತ್ತೆ ಮತ್ತೆ ಬಿಗಿಯುತ್ತವೆ. ನಗು ಜಾಸ್ತಿಯಾದರೆ ನಿಜಕ್ಕೂ ನೋಯುತ್ತದೆ, ಹೊಟ್ಟೆ ಹಿಡಿದುಕೊಂಡು ಕೂರಬೇಕಾಗುತ್ತದೆ.

ಮಾತಾಡುವಾಗ ‘ನಂಗಂತೂ ನಕ್ಕು ನಕ್ಕು ಹೊಟ್ಟೆ ಹುಣ್ಣಾಯ್ತು’ ಅನ್ನಿ. ಬರೆಯುವಾಗ ‘ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು’ ಚೆನ್ನ. ಇದರ ಜೊತೆ ‘ಸ್ವಲ್ಪ’ ಹೊಂದುವುದಿಲ್ಲ. ತುಟಿಯಂಚಿನ ನಗುವಾದರೆ ‘ಮುಗುಳ್ನಕ್ಕರು’ ಸಾಕು.

‘ಬಿದ್ದು ಬಿದ್ದು ನಗು’ ಅಂತಲೂ ಇದೆ, ಅರ್ಥ ಹತ್ತಿರ ಹತ್ತಿರ ಒಂದೇ. ಆದರೆ ಗದ್ದೆಯ ಸುದ್ದಿ ಬರೆಯುವಾಗ ಹುಷಾರು. ‘ಮಾವ ಕೆಸರಿನಲ್ಲಿ ಬಿದ್ದು ಬಿದ್ದು ನಕ್ಕರು’ ಅಂದರೆ ಮಾವ ಎಷ್ಟು ಸಲ ಬಿದ್ದರು ಅಂತ ಓದಿದವರು ಕೇಳುತ್ತಾರೆ!

ಇನ್ನೊಂದು ವಿಷಯ ಮಕ್ಕಳಿಗೆ ಪ್ರತಿ ವರ್ಷ ಒತ್ತಿ ಹೇಳುತ್ತೇನೆ. ‘ನಿಮ್ಮನ್ನು ನೋಡಿ ನಕ್ಕು ನಕ್ಕು ಹೊಟ್ಟೆ ಹುಣ್ಣಾಯ್ತು’ ಅಂದರೆ ಎದುರಿನವರ ಮುಖ ಸಣ್ಣದಾಗುತ್ತದೆ. ‘ನಿಮ್ಮ ಮಾತು ಕೇಳಿ’ ಅನ್ನಿ, ಅವರಿಗೂ ಖುಷಿ. ಯಾರಾದರೂ ಬಿದ್ದಿದ್ದರೆ, ಮೊದಲು ಪೆಟ್ಟಾಯಿತಾ ಅಂತ ಕೇಳಿ. ಅವರೇ ನಗಲು ಶುರುಮಾಡಿದ ಮೇಲೆ ಈ ಮಾತು ಬರಲಿ.

ಹುಡುಗ ಅದನ್ನು ಹಿಡಿದುಕೊಂಡ. ಮಾರನೆಯ ದಿನ ತಿದ್ದಿ ತಂದ: ‘ಮಾವ ಎದ್ದರು. ಮೀಸೆಯ ತುಂಬ ಕೆಸರು. ಅವರೇ ಮೊದಲು ನಕ್ಕರು. ಆಮೇಲೆ ನಮಗೆಲ್ಲ ನಕ್ಕು ನಕ್ಕು ಹೊಟ್ಟೆ ಹುಣ್ಣಾಯ್ತು.’