ಗುಂಯ್ ಅಂದಿದ್ದು ಟೈರಲ್ಲ, ಬೇರಿಂಗ್

ಹಾಸನದಿಂದ ಮಂಗಳೂರಿಗೆ ಹೊರಟಿದ್ದೆವು. ಕಾರಿನ ಮುಂದಿನಿಂದ ಸಣ್ಣಗೆ 'ಗುಂಯ್' ಅಂತ ಸದ್ದು. ಐವತ್ತು ದಾಟಿದರೆ ಶುರು, ಎಂಬತ್ತಕ್ಕೆ ಜೋರು. ಟೈರ್ ಅಂಗಡಿಯವರು "ಟೈರ್ ಸವೆದಿದೆ ಸರ್, ನಾಲ್ಕೂ ಬದಲಾಯಿಸಿ" ಅಂದರು. ನನ್ನ ಕಣ್ಣಿಗೆ ಟೈರ್ ಇನ್ನೂ ಚೆನ್ನಾಗಿತ್ತು. ಅಷ್ಟು ದುಡ್ಡು ಹಾಕುವ ಮೊದಲು ನಾನೇ ಪರೀಕ್ಷೆ ಮಾಡೋಣ ಅಂದುಕೊಂಡೆ.

ಮೊದಲ ಸುಳಿವು ಸಿಕ್ಕಿದ್ದು ಶಿರಾಡಿ ಘಾಟಿಯಲ್ಲೇ. ಟೈರ್ ಸದ್ದು ರಸ್ತೆ ಬದಲಾದ ಹಾಗೆ ಬದಲಾಗುತ್ತದೆ. ಕಾಂಕ್ರೀಟ್ ಮೇಲೆ ಜಾಸ್ತಿ, ನುಣುಪಾದ ಡಾಂಬರಿನ ಮೇಲೆ ಕಡಿಮೆ. ಈ ಗುಂಯ್ ಎರಡರ ಮೇಲೂ ಒಂದೇ ಥರ ಇತ್ತು. ಸಮತಟ್ಟಾದ ಖಾಲಿ ರಸ್ತೆಯಲ್ಲಿ ಒಂದು ಕ್ಷಣ ಕ್ಲಚ್ ಒತ್ತಿದೆ. ಎಂಜಿನ್ ಸದ್ದು ಇಳಿಯಿತು, ಇದು ಇಳಿಯಲಿಲ್ಲ. ಅಂದರೆ ಎಂಜಿನ್ನೂ ಅಲ್ಲ.

ಆಮೇಲೆ ತಿರುವುಗಳಲ್ಲಿ ಕಿವಿಗೊಟ್ಟೆ. ಬಲಕ್ಕೆ ತಿರುಗಿದಾಗ ಸದ್ದು ಗಡುಸಾಗುತ್ತಿತ್ತು, ಎಡಕ್ಕೆ ತಿರುಗಿದರೆ ತಗ್ಗುತ್ತಿತ್ತು. ಬಲಕ್ಕೆ ತಿರುಗಿದಾಗ ಕಾರಿನ ಭಾರ ಎಡಚಕ್ರದ ಮೇಲೆ ಬೀಳುತ್ತದೆ. ಹಾಗಾಗಿ ಎಡಗಡೆಯ ಬೇರಿಂಗ್ (ಚಕ್ರ ಸಲೀಸಾಗಿ ತಿರುಗಲಿ ಅಂತ ಅದರ ನಡುವೆ ಕೂರಿಸಿರುವ ಗುಂಡುಗಳ ಬಳೆ) ಮೇಲೆ ಅನುಮಾನ ಬಂತು.

ಮನೆಗೆ ಬಂದ ಮೇಲೆ ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್ ಮಾಡಿದೆ. ಮುಂದಿನ ಎಡಭಾಗವನ್ನು ಜಾಕ್‌ನಿಂದ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿದೆ. ಬರೀ ಜಾಕ್ ನಂಬಿ ಕೆಲಸ ಮಾಡಬೇಡಿ, ದಯವಿಟ್ಟು. ಚಕ್ರದ ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದೆ. ಏನೂ ಆಟ (ಸಡಿಲವಾಗಿ ಅಲುಗುವುದು) ಇರಲಿಲ್ಲ! ಇಲ್ಲೇ ಎಷ್ಟೋ ಜನ 'ಬೇರಿಂಗ್ ಸರಿಯಿದೆ' ಅಂದು ಬಿಡುತ್ತಾರೆ. ಈಗಿನ ಬೇರಿಂಗ್‌ಗಳಲ್ಲಿ ಆಟ ಬರುವುದಕ್ಕೆ ತುಂಬಾ ಮೊದಲೇ ಸದ್ದು ಬರಬಹುದು. (ಆಟ ಇದ್ದರೆ ಇನ್ನೊಬ್ಬರಿಂದ ಬ್ರೇಕ್ ಒತ್ತಿಸಿ ಮತ್ತೆ ಅಲ್ಲಾಡಿಸಿ. ಆಗ ಹೋದರೆ ಬೇರಿಂಗ್. ಉಳಿದರೆ ಬಾಲ್ ಜಾಯಿಂಟ್, ಅಂದರೆ ಚಕ್ರವನ್ನು ಸಸ್ಪೆನ್ಷನ್‌ಗೆ ಜೋಡಿಸುವ ಕೀಲು, ನೋಡಬೇಕು.)

ಗೊತ್ತಾಗಿದ್ದು ಸ್ಪ್ರಿಂಗ್‌ನಿಂದ. ಒಂದು ಕೈಯ ಬೆರಳುಗಳನ್ನು ಸಸ್ಪೆನ್ಷನ್ ಸ್ಪ್ರಿಂಗ್ ಮೇಲೆ ಹಗುರವಾಗಿ ಇಟ್ಟೆ, ಇನ್ನೊಂದು ಕೈಯಿಂದ ಚಕ್ರ ತಿರುಗಿಸಿದೆ. ಮರಳಿನ ಮೇಲೆ ಏನೋ ಉರುಳುತ್ತಿರುವ ಹಾಗೆ 'ಗರಗರ' ಬೆರಳಿಗೆ ತಟ್ಟಿತು. ಬಲಗಡೆಯೂ ಹೀಗೇ ಮಾಡಿದೆ. ಅಲ್ಲಿ ಸ್ಪ್ರಿಂಗ್ ಸುಮ್ನೆ ಇತ್ತು, ಬ್ರೇಕ್ ಪ್ಯಾಡ್ ಡಿಸ್ಕಿಗೆ ಸವರುವ 'ಸ್ಸ್' ಮಾತ್ರ. ಆ ಸವರಾಟಕ್ಕೆ ಹೆದರಬೇಕಿಲ್ಲ.

ಬದಲಾಯಿಸುವ ಕೆಲಸ ಮಾತ್ರ ಗ್ಯಾರೇಜಿಗೇ ಕೊಟ್ಟೆ, ಬೇರಿಂಗ್ ಒತ್ತಿ ಕೂರಿಸುವ ಪ್ರೆಸ್ ಯಂತ್ರ ಇಲ್ಲದೆ ಅದು ಆಗದು. ಸುತ್ತಿಗೆಯಿಂದ ಬಡಿದು ಕೂರಿಸಿದರೆ ಹೊಸ ಬೇರಿಂಗ್ ಅಲ್ಲೇ ಹಾಳಾಗುತ್ತದೆ. ನನ್ನ ಕಾರಿನಲ್ಲಿ ಎಬಿಎಸ್‌ಗೆ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆಗೆ) ಬೇಕಾದ ಮ್ಯಾಗ್ನೆಟ್ ಪಟ್ಟಿ ಬೇರಿಂಗ್‌ನ ಒಂದು ಮುಖದಲ್ಲೇ ಇದೆ. ಅದು ಸೆನ್ಸರ್ ಕಡೆ ಬಂತಾ ಅಂತ ನಿಂತು ನೋಡಿದೆ. ಉಲ್ಟಾ ಕೂತರೆ ಎಬಿಎಸ್ ಲೈಟ್ ಉರಿಯುತ್ತದೆ, ಮತ್ತೆ ಎಲ್ಲಾ ಬಿಚ್ಚಬೇಕು.

ಹಳೆಯದನ್ನು ಬಿಚ್ಚಿಸಿ ನೋಡಿದೆ. ನೀರು, ಧೂಳು ಒಳಗೆ ಹೋಗದಂತೆ ತಡೆಯುವ ಸೀಲ್ ಒಂದು ಕಡೆ ಸೀಳಿತ್ತು. ಗ್ರೀಸ್ ಕಂದು ಬಣ್ಣದ ಕೆಸರಿನಂತಾಗಿತ್ತು, ಗುಂಡುಗಳು ಓಡುವ ದಾರಿಯಲ್ಲಿ ಉಗುರಿಗೆ ಸಿಗುವಷ್ಟು ಕುಳಿ. ಹಿಂದಿನ ಮಳೆಗಾಲದಲ್ಲಿ ಚಕ್ರ ಅರ್ಧ ಮುಳುಗುವಷ್ಟು ನೀರಲ್ಲಿ ಎರಡು ಸಲ ದಾಟಿಸಿದ್ದು ನೆನಪಾಯಿತು. ಟೈರ್ ನಾಲ್ಕೂ ಹಳೆಯವೇ ಇವೆ.